ಮೂರು ಸಲ ಬರೆದ ಪಾದ

ಪ್ರಾಣಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕಾಡಿಗೆಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಸಂತೆಯಲ್ಲಿ ಅಂಜನಮುಖ ಎಂಬ ಮಾಂತ್ರಿಕ ಚಿತ್ರದಂಗಡಿ ಇಟ್ಟಿದ್ದ. ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ಚಿತ್ರ ಬರೆದನೆಂದರೆ ಅವರು ಹಾಳೆಯೊಳಗೆ ಸೇರಿಬಿಡುತ್ತಿದ್ದರು.

ಬೈರೋಜ ಗೋಡೆಗಳ ಮೇಲೆ ಚಿತ್ರ ಬರೆಯುವವನು. ಗುರುವಿನ ಮನೆಯನ್ನು ಮೂರೇ ತಿಂಗಳಿಗೆ ಬಿಟ್ಟು ಊರೂರು ಸುತ್ತಿದವನು. ಒಂದು ದಿನ ಕೆಲಸ ಮುಗಿಸಿ ಸಂತೆಗೆ ಬಂದರೆ, ಬಾಚಣಿಗೆ ಮಾರಲು ಕೂತಿದ್ದ ಹೆಂಡತಿ ಹೊನ್ನಾಯಿ ಇಲ್ಲ. ಚಿತ್ರದಂಗಡಿಯ ಎದುರು ಅವಳ ಬುಟ್ಟಿ ಮಾತ್ರ ಇದೆ.

ಚಿತ್ರದಂಗಡಿಯ ಬಾಗಿಲಲ್ಲಿ ಒಂದು ಚಿರತೆ ಮಲಗಿತ್ತು. "ಏನಪ್ಪಾ, ಕೊಳ್ಳೋಕೆ ಬಂದ್ಯೋ, ಅಳೋಕೆ ಬಂದ್ಯೋ? ಅಳೋರು ಪಕ್ಕಕ್ಕೆ ಹೋಗಿ" ಎಂದಿತು.

"ಹೆಂಡತೀನ ಕರ್ಕೊಂಡು ಹೋಗೋಕೆ ಬಂದೆ."

ಅಂಜನಮುಖ ನಗುತ್ತಾ ಮೂರು ಚಿತ್ರ ತೂಗುಹಾಕಿದ. ಮೂರರಲ್ಲೂ ಹೊನ್ನಾಯಿ, ತಲೆಯ ಮೇಲೆ ಕೊಡ ಹೊತ್ತು ನಿಂತಿದ್ದಾಳೆ.

"ಒಂದರಲ್ಲಿ ಅವಳಿದಾಳೆ, ಎರಡರಲ್ಲಿ ಬರೀ ಗೆರೆ. ತಪ್ಪು ಹಾಳೆ ಮುಟ್ಟಿದ್ರೆ ನಾಲ್ಕನೇ ಚಿತ್ರ ನೀನು."

ಮೊದಲನೆಯದು ಕೆಂಪು ಕಾವಿಕಲ್ಲಿನಲ್ಲಿ ಬರೆದದ್ದು. ಹಾಳೆ ಬೆಣ್ಣೆಯಂತೆ ನುಣುಪು.

"ಅರಮನೆಗೆ ಹೋಗೋ ಮಾಲು" ಎಂದಿತು ಚಿರತೆ.

"ಅದಕ್ಕೇ ಒಂದು ಗೆರೆಯೂ ತಪ್ಪಿಲ್ಲ. ಮಾರೋಕೆ ಅಂತ ಇನ್ನೊಂದನ್ನ ನೋಡಿ ಚೊಕ್ಕವಾಗಿ ಇಳಿಸಿದ್ದು. ಇದ್ರಲ್ಲಿ ಅವಳಿಲ್ಲ" ಎಂದ ಬೈರೋಜ.

ಎರಡನೆಯದು ನೀಲಿ ಹಾಳೆ; ಕಪ್ಪು ಮಸಿ, ಮೇಲೆ ಸುಣ್ಣದ ಬಿಳುಪು. ಹಿಂದಿನಿಂದ ಬಿಸಿಲು ಬಿದ್ದಾಗ ಗೆರೆಯುದ್ದಕ್ಕೂ ಸಣ್ಣ ಸಣ್ಣ ಬೆಳಕು ಮಿನುಗಿತು.

"ಸೂಜಿತೂತು! ಗೋಡೆಗಿಟ್ಟು ಇದ್ದಿಲುಪುಡಿ ತಟ್ಟಿದ್ರೆ ಚಿತ್ರ ಗೋಡೆಗೆ ಇಳಿಯುತ್ತೆ. ನಾನೂ ಇದೇ ಮಾಡಿ ಗಂಜಿ ಕುಡಿಯೋನು. ನಮ್ಮವಳಿಗೆ ಇಷ್ಟು ಸೂಜಿ ಚುಚ್ಚಿದ್ರೆ ಸುಮ್ನಿರ್ತಿದ್ಲಾ? ಸಂತೆಗೆ ಸಂತೆಯೇ ಕೇಳೋ ಹಾಗೆ ಬೈತಿದ್ಲು."

ಚಿರತೆಗೆ ನಗು ತಡೆಯಲಾಗಲಿಲ್ಲ.

ಮೂರನೆಯದು ಒರಟು ಹಾಳೆ, ಬರೀ ಇದ್ದಿಲು. "ಅದು ಯಾರಿಗೂ ಬೇಡ. ಬೆಲ್ಲ ಕಟ್ಟೋಕೆ ಇಟ್ಟಿದ್ವಿ" ಎಂದಿತು ಚಿರತೆ.

ಬೈರೋಜ ಬಗ್ಗಿ ನೋಡಿದ. ಎಡಪಾದವನ್ನು ಮೂರು ಸಲ ಬರೆಯಲಾಗಿತ್ತು. ಒಮ್ಮೆ ನೆಟ್ಟಗೆ. ಒಮ್ಮೆ ತುಸು ಓರೆಯಾಗಿ. ಒಮ್ಮೆ ಹಿಮ್ಮಡಿ ಎತ್ತಿ. ಅವನ ಕಣ್ಣು ತುಂಬಿತು.

"ಗೆರೆಗೆ ಕಾಲು ನೋಯಲ್ಲ. ಇವಳಿಗೆ ನೊಂದಿದೆ, ಪಾದ ಬದಲಾಯಿಸಿದಾಳೆ; ಬದಲಾಯಿಸಿದಾಗೆಲ್ಲ ಇವನು ಮತ್ತೆ ಬರೆದಿದಾನೆ. ಇವಳೇ!" ಎಂದು ಹಾಳೆ ಮುಟ್ಟಿದ.

ಅಂಜನಮುಖ ಹಲ್ಲು ಕಡಿದ. "ಗುರುತು ಹಿಡಿದೆ, ಸರಿ. ಆದ್ರೆ ನಾನು ನಿಲ್ಲು ಅಂದಿದೀನಿ. ನಿಂತಿರೋವರೆಗೂ ಅವಳು ಹಾಳೆಯವಳೇ."

"ಪಾಪ, ಎಷ್ಟು ಹೊತ್ತಿಂದ ನಿಂತಿದಾಳೋ" ಎಂದ ಬೈರೋಜ. ಸೊಂಟದಿಂದ ಇದ್ದಿಲ ಚೂರು ತೆಗೆದು ಅವಳ ಹಿಂದೆ ಒಂದು ಮುಕ್ಕಾಲಿ ಬರೆದ. "ಕೂತ್ಕೋ ಹೊನ್ನಾಯಿ."

ಗೆರೆಗಳು ಅಲುಗಿದವು. ಹೊನ್ನಾಯಿ ಕೊಡ ಇಳಿಸಿ ಕೂತಳು. ಕೂತವಳು ಹಾಳೆಯ ಹೊರಗಿದ್ದಳು, ಮೈಯೆಲ್ಲ ಮಸಿ.

"ಅಬ್ಬಾ! ಇಷ್ಟು ಹೊತ್ತು ಬೇಕಾಯ್ತಾ ನಿಂಗೆ?"

ಬೈರೋಜ ಅಂಗಡಿಯ ಒಂದೊಂದು ಹಾಳೆಗೂ ಒಂದೊಂದು ಮುಕ್ಕಾಲಿ ಬರೆದ. ಸೈನಿಕರು ಕೂತರು, ಹೂವಾಡಗಿತ್ತಿಯರು ಕೂತರು, ರಾಜಕುಮಾರಿಯೂ ಕೂತಳು. ಎಲ್ಲರೂ ಹೊರಗೆ ಬಂದರು. ತನ್ನ ಮಾತಿಗೆ ನಿಲ್ಲುವವರು ಯಾರೂ ಉಳಿಯದೆ ಅಂಜನಮುಖ ಕುಸಿದು ಒಂದು ಹಿಡಿ ಮಸಿಯಾದ. ಚಿರತೆ ಸೀನಿತು. ಮಸಿ ಬೆಟ್ಟದಾಚೆ ಹಾರಿಹೋಯಿತು.

ಕಾಡಿಗೆಪುರದಲ್ಲಿ ಅಗಲಿದವರೆಲ್ಲ ಒಂದಾದರು, ಒಲೆಗಳೆಲ್ಲ ಮತ್ತೆ ಹೊತ್ತಿದವು, ಎಲ್ಲರೂ ನೂರು ಕಾಲ ಸುಖವಾಗಿ ಬಾಳಿದರು. ಆದರೆ ಅವತ್ತು ಬೈರೋಜ ಮನೆಗೆ ಅವಸರ ಮಾಡಲಿಲ್ಲ. ನೆಲದ ಮೇಲೆ ಕೂತು ಅವಳ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತಿದ.

"ಸಂತೆಯೋರೆಲ್ಲ ನೋಡ್ತಿದಾರೆ ಕಣೋ" ಎಂದಳು ಹೊನ್ನಾಯಿ.

"ನೋಡ್ಲಿ ಬಿಡು."

ಅವಳು ಕಾಲು ಎಳೆದುಕೊಳ್ಳಲಿಲ್ಲ.