ಒಳಗೆ ಬಿಟ್ಟ ಬಟ್ಟೆ

"ಯಾರ್ರೀ ಅದು, ನಾನು ಕತ್ತರಿಸಿದ ತೋಳನ್ನ ವಾಪಸ್ ಕಳಿಸಿದ್ದು?"

ಹೊಲಿಗೆ ಕಾರ್ಖಾನೆಯ ಇಪ್ಪತ್ತು ಮಿಷನ್‌ಗಳೂ ಒಮ್ಮೆಲೇ ನಿಂತವು. ಕತ್ತರಿ ಹಿಡಿದು ಬಂದವಳು ಕೆಲಸಕ್ಕೆ ಸೇರಿ ಎರಡು ದಿನವಾಗಿತ್ತು, ಅಷ್ಟೇ. ಅಷ್ಟರಲ್ಲಿ ಎಲ್ಲರೂ ಸೇರಿ ಅವಳಿಗೆ 'ಪಟಾಕಿ' ಎಂದು ಹೆಸರಿಟ್ಟಾಗಿತ್ತು.

ಕಿಟಕಿ ಪಕ್ಕದ ಮಿಷನ್ನಿನಿಂದ ಒಬ್ಬ ಎದ್ದ. ತುಟಿ ಬಿಚ್ಚಲಿಲ್ಲ. ಎರಡು ತೋಳುಗಳನ್ನು ಅವಳ ಮುಂದೆ ಹರವಿದ.

ಎರಡೂ ಎಡಗೈ ತೋಳು!

ಪಟಾಕಿ ಠುಸ್ಸಾಯಿತು. ಅಯ್ಯೋ ದೇವರೇ... ಸೂಪರ್‌ವೈಸರ್ ನೋಡಿದರೆ ಕೆಲಸ ಹೋದಂತೆಯೇ!

ಅವನು ಆಚೀಚೆ ನೋಡಿ, ಮಿಕ್ಕ ಬಟ್ಟೆಯಲ್ಲಿ ಆಗಲೇ ಕತ್ತರಿಸಿಟ್ಟಿದ್ದ ಬಲತೋಳನ್ನು ಮೆಲ್ಲಗೆ ಅವಳ ಕಡೆ ಸರಿಸಿದ. "ಯಾರಿಗೂ ಹೇಳಲ್ಲ" ಎಂದ.

ಅವತ್ತು ಅವನಾಡಿದ್ದು ಅದೊಂದೇ ಮಾತು. ಆ ಒಂದು ಮಾತಿಗೇ ಅವಳು ಬಿದ್ದುಬಿಟ್ಟಳು!

ವರ್ಷದೊಳಗೆ ಮದುವೆ. ಆಮೇಲೆ ಸ್ವಂತದ್ದೊಂದು ಪುಟ್ಟ ಅಂಗಡಿ. ಅವಳು ಕತ್ತರಿಸುವುದು, ಅವನು ಹೊಲಿಯುವುದು. ಅವಳ ಪಾಲಿನ ಮಾತು, ಅವನ ಪಾಲಿನ ಮಾತು ಎರಡನ್ನೂ ಅವಳೇ ಆಡುವುದು. ಮೂರನೇ ವರ್ಷ ಅವಳು ಬಸುರಿ ಎಂದು ಗೊತ್ತಾದ ದಿನ ಅವನು ಕುಣಿಯಲಿಲ್ಲ, ಕೂಗಲಿಲ್ಲ. ಹಸಿರು ಬಟ್ಟೆ ತಂದು ಅವಳಿಗೊಂದು ಗೌನ್ ಹೊಲಿಯಲು ಕುಳಿತ.

"ರೀ, ಎರಡೂ ಪಕ್ಕ ನಾಲ್ಕು ನಾಲ್ಕು ಇಂಚು ಒಳಗೆ ಬಿಡಿ" ಎಂದು ಅವಳು ತಾಕೀತು ಮಾಡಿದಳು. "ಹೊಟ್ಟೆ ಬೆಳೆದ ಹಾಗೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು."

ನಾಲ್ಕನೇ ತಿಂಗಳಲ್ಲಿ, ಸ್ನಾನ ಮಾಡುವಾಗ, ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು.

ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಳು. ಎರಡು ವಾರವಾದರೂ ಗಂಟು ಕರಗಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ಬಂತು.

"ಹಾಗಾದ್ರೆ... ಮಗು?" ಅವಳು ಕೇಳಿದ ಮೊದಲ ಪ್ರಶ್ನೆ ಅದೇ.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನೋಡಮ್ಮಾ, ಬಸುರಿಯಾಗಿದ್ದಾಗಲೂ ಚಿಕಿತ್ಸೆ ಇದೆ. ಆಪರೇಷನ್ ಈಗ್ಲೇ ಮಾಡಬಹುದು. ಮೊದಲ ಮೂರು ತಿಂಗಳು ದಾಟಿರೋದ್ರಿಂದ, ಗಾಯ ಮಾಗಿದ ಮೇಲೆ ಕೀಮೋನೂ ಕೊಡಬಹುದು. ರೇಡಿಯೇಷನ್ ಮಾತ್ರ ಹೆರಿಗೆ ಆದ್ಮೇಲೆ. ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ನಿಮ್ಮಿಬ್ಬರನ್ನೂ ಉಳಿಸಿಕೊಳ್ಳೋ ದಾರಿ ಇದೆ."

ಇಬ್ಬರನ್ನೂ! ಅವಳಿಗೆ ಹೋದ ಜೀವ ಬಂದಂತಾಯಿತು. ತಟ್ಟನೆ ಗಂಡನ ಕಡೆ ತಿರುಗಿದಳು.

"ನೀವೇನಂತೀರಿ?" ಎಂದು ಡಾಕ್ಟರಮ್ಮ ಅವನನ್ನು ಕೇಳಿದರು.

ಅವನು ನೆಲ ನೋಡಿದ. ಒಂದಕ್ಷರ ಹೊರಡಲಿಲ್ಲ.

"ಸರಿ, ಯೋಚನೆ ಮಾಡಿ ಸೋಮವಾರ ಬಂದು ಹೇಳಿ. ತಡ ಮಾಡೋ ಹಾಗಿಲ್ಲ."

ಮನೆಯಲ್ಲಿ ಅತ್ತೆ ಅಳುತ್ತಲೇ ಸೊಸೆಯ ಕೈ ಹಿಡಿದುಕೊಂಡರು. "ಮರ ಉಳಿದ್ರೆ ಹಣ್ಣು ಮತ್ತೆ ಬಿಡುತ್ತೆ ಕಣೇ. ನನಗೆ ಮೊದಲು ನೀನು ಬೇಕು. ಈ ಸಲ ಬೇಡ ಅಂತ ಹೇಳಿಬಿಡು."

"ಅತ್ತೆ, ಇಬ್ಬರೂ ಉಳೀತೀವಿ ಅಂದ್ರು ಡಾಕ್ಟ್ರು!"

"ಏನಪ್ಪಾ, ನೀನಾದ್ರೂ ಹೇಳೋ" ಎಂದು ಅತ್ತೆ ಮಗನ ಕಡೆ ತಿರುಗಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದ.

ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ... ಯಾರಿಗೆ ಸಮ್ಮತಿ ಇದು? ನನಗೋ, ಅತ್ತೆಗೋ? ಎರಡು ದಿನ ಅವಳು ಕೆಂಡದ ಮೇಲೆ ಕುಳಿತಂತೆ ಕಳೆದಳು.

ಭಾನುವಾರ ಮಧ್ಯಾಹ್ನ ತಡೆಯಲಾರದೆ ಅಂಗಡಿಗೆ ನಡೆದಳು. ಅವನಿರಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಹಸಿರು ಗೌನ್ ಮಡಚಿಟ್ಟಿತ್ತು.

ಬೇರೆಯವರಾಗಿದ್ದರೆ ಕುತ್ತಿಗೆ ನೋಡುತ್ತಿದ್ದರು, ತೋಳು ನೋಡುತ್ತಿದ್ದರು. ಇವಳು ಕತ್ತರಿಸುವವಳು. ಬಟ್ಟೆ ಕೈಗೆ ಬಂದರೆ ಒಳಗು ಹೊರಗು ಮಾಡಿ ಮೊದಲು ನೋಡುವುದು ಪಕ್ಕದ ಹೊಲಿಗೆಯನ್ನೇ. ಹಾಗೇ ತಿರುವಿದಳು.

ನಾಲ್ಕು ಇಂಚು ಇರಲಿಲ್ಲ. ಕತ್ತರಿಸಿ ಹಾಕಿದ್ದ! ಎರಡೂ ಪಕ್ಕ ಅರ್ಧ ಇಂಚು ಮಾತ್ರ ಉಳಿದಿತ್ತು.

ಇನ್ನು ಈ ಹೊಟ್ಟೆ ಬೆಳೆಯುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟರಾ? ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಕತ್ತರಿಯಲ್ಲಿ ಹೇಳಿದರಾ?

ಬಾಗಿಲಲ್ಲಿ ನೆರಳಾಡಿತು. ಅವನು ಬಂದಿದ್ದ, ಕೈಯಲ್ಲೊಂದು ಟಿಚ್ ಬಟನ್ ಡಬ್ಬಿ.

"ಬನ್ನಿ ಬನ್ನಿ!" ಗೌನನ್ನು ಅವನ ಎದೆಗೆ ಎಸೆದಳು. "ನಿಮ್ಮ ಮಗು ಅಲ್ವೇನ್ರೀ ಇದು? ಬೇಡ ಅಂತ ಒಂದು ಮಾತು ನನ್ನ ಮುಖ ನೋಡಿ ಹೇಳಕ್ಕಾಗ್ಲಿಲ್ವಾ? ಬಟ್ಟೆ ಕತ್ತರಿಸಿದಷ್ಟು ಸುಲಭವಾ?"

ಅವನು ಕಕ್ಕಾಬಿಕ್ಕಿಯಾದ. ಗೌನನ್ನು ನೋಡಿದ, ಅವಳನ್ನು ನೋಡಿದ.

"ಮುಂದುಗಡೆ ನೋಡಿದ್ಯಾ?"

"ಏನ್ ನೋಡೋದು!"

ಅವನು ಗೌನನ್ನು ಸರಿಯಾಗಿ ತಿರುವಿ ಮೇಜಿನ ಮೇಲೆ ಹಾಸಿದ. ಪಕ್ಕದಿಂದ ತೆಗೆದ ಬಟ್ಟೆಯೆಲ್ಲ ಹೊಟ್ಟೆಯ ಮೇಲೆ ಸಣ್ಣ ಸಣ್ಣ ನೆರಿಗೆಯಾಗಿ ಕೂತಿತ್ತು. ಒಳಗೊಂದು ಲಾಡಿ. ಅವನು ಲಾಡಿ ಸಡಿಲಿಸಿದ. ನೆರಿಗೆ ಬಿಚ್ಚಿಕೊಂಡಿತು... ಬಿಚ್ಚಿಕೊಳ್ಳುತ್ತಲೇ ಹೋಯಿತು!

"ಒಂಬತ್ತು ತಿಂಗಳಿಗೂ ಸಾಕು" ಎಂದ. "ಆಪರೇಷನ್ ಆದ್ಮೇಲೆ ಸ್ವಲ್ಪ ದಿನ ನಿನಗೆ ಎಡಗೈ ಎತ್ತಕ್ಕಾಗಲ್ಲ ಅಂದ್ರು ನರ್ಸಮ್ಮ. ಬಿಚ್ಚಿ ಹೊಲಿಯೋ ತಾಪತ್ರಯ ಯಾಕೆ? ಲಾಡಿ ಸಡಿಲ ಬಿಟ್ರಾಯ್ತು. ಇಲ್ಲಿ, ಬಲಗಡೆ ಹೆಗಲ ಕೆಳಗೆ ಪಟ್ಟಿ ಇಟ್ಟಿದೀನಿ. ಇಲ್ಲೊಂದು ನಳಿಗೆ ಕೂರಿಸಿ ಕೀಮೋ ಕೊಡ್ತಾರಂತೆ. ಟಿಚ್ ಬಟನ್ ತೆಗೆದ್ರೆ ಸಾಕು, ಎಲ್ಲರೆದುರು ಗೌನ್ ಬಿಚ್ಚಬೇಕಿಲ್ಲ."

ಅವಳು ಬೆಪ್ಪಾಗಿ ನಿಂತಳು. "ಎರಡು ದಿನ... ನೀವು ಇದನ್ನ ಮಾಡ್ತಿದ್ರಾ?"

"ಆಸ್ಪತ್ರೆಗೆ ಮೂರು ಸಲ ಹೋಗಿ ಕೇಳ್ಕೊಂಡು ಬಂದೆ."

"ಮತ್ತೆ ಡಾಕ್ಟರಮ್ಮ ಕೇಳಿದಾಗ ಯಾಕ್ರೀ ಬಾಯಿ ಹೊಲಿದುಕೊಂಡು ಕೂತಿದ್ರಿ?"

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಮಗು ಬೇಕು ಅಂತ ನಾನು ಅಂದು, ನಿನಗೇನಾದ್ರೂ ಆದ್ರೆ... ನನ್ನ ಮಾತೇ ನಿನ್ನ ತಳ್ಳಿತು ಅಂತ ಆಗಲ್ವಾ? ಬೇಡ ಅಂದ್ರೆ ನಿನ್ನ ಕಣ್ಣು ನೋಡಕ್ಕಾಗಲ್ಲ. ನೀನೇ ಹೇಳಲಿ ಅಂತ ಸುಮ್ಮನಿದ್ದೆ. ನೀನು ಏನಂದ್ರೂ ನಾನು ನಿನ್ನ ಜೊತೆ ಕಣೇ. ಆದ್ರೆ... ನನಗೆ ಇಬ್ಬರೂ ಬೇಕು. ತುಂಬಾ ಬೇಕು!"

"ಅದನ್ನೇ ಬಾಯಿಬಿಟ್ಟು ಹೇಳಕ್ಕೆ ನಿಮಗೇನ್ ಧಾಡಿ!" ಎಂದು ಅವನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಅದೇ ಬೆನ್ನನ್ನು ಬಿಗಿಯಾಗಿ ತಬ್ಬಿಕೊಂಡು ಅತ್ತಳು, ನಕ್ಕಳು. ಯಾವುದು ಮೊದಲು ಮುಗಿಯಿತೋ ಅವಳಿಗೇ ತಿಳಿಯಲಿಲ್ಲ.

ಸೋಮವಾರ ಇಬ್ಬರೂ ಒಟ್ಟಿಗೆ ಹೇಳಿದರು. ಆ ವಾರವೇ ಎಡ ಎದೆಯನ್ನು ತೆಗೆದರು. ಗಾಯ ಮಾಗಿದ ಮೇಲೆ ಮೂರು ವಾರಕ್ಕೊಮ್ಮೆ ಕೀಮೋ, ಹೆರಿಗೆಗೆ ಮೊದಲು ನಾಲ್ಕು. ವಾಂತಿ, ಸುಸ್ತು, ಬಾಯಲ್ಲಿ ಹುಣ್ಣು... ಕೂದಲು ಹಿಡಿ ಹಿಡಿಯಾಗಿ ಬಂದಾಗ ಅತ್ತೆಯೇ ಪಕ್ಕ ಕೂತು, "ಬಿಡೇ, ಜಡೆ ಹಾಕೋ ಕೆಲಸ ತಪ್ಪಿತು" ಎಂದು ನಗಿಸಿ, ಅಡುಗೆಮನೆಗೆ ಹೋಗಿ ಅತ್ತರು. ಪ್ರತಿ ಸ್ಕ್ಯಾನಿನಲ್ಲೂ ಮಗು ಮಾತ್ರ ಕಾಲು ಝಾಡಿಸುತ್ತಿತ್ತು. "ಪಕ್ಕಾ ತಾಯಿ ಬುದ್ಧಿ!" ಎಂದು ಡಾಕ್ಟರಮ್ಮ ನಗುತ್ತಿದ್ದರು.

ಹೆರಿಗೆಗೆ ಮೂರು ವಾರ ಮೊದಲೇ ಔಷಧಿ ನಿಲ್ಲಿಸಿದರು. ಒಂದು ದಿನ ಬೆಳಗ್ಗೆ ಹತ್ತು ಗಂಟೆಗೆ ನೋವು ಶುರುವಾಗಿ, ಮಧ್ಯಾಹ್ನ ಎರಡಕ್ಕೆ ಹೆಣ್ಣು ಮಗು! ಆಸ್ಪತ್ರೆಯ ಸೂರು ಹಾರುವಂಥ ಕೂಗು!

ಇನ್ನೂ ಮುಗಿದಿರಲಿಲ್ಲ. ರೇಡಿಯೇಷನ್ ಬಾಕಿ ಇತ್ತು, ಔಷಧಿ ಮತ್ತೆ ಶುರುವಾಗಬೇಕಿತ್ತು. ಅದಕ್ಕೇ ಎದೆಹಾಲು ಕೊಡುವಂತಿರಲಿಲ್ಲ. ನರ್ಸಮ್ಮ ಬಾಟಲಿಯಲ್ಲಿ ಕುಡಿಸಿ ಮಗುವನ್ನು ಅವಳ ಮಡಿಲಿಗೆ ಹಾಕಿ ಹೋದರು. ಅವಳ ಕಣ್ಣು ತುಂಬಿತು. ತಾಯಿ ಅನ್ನಿಸಿಕೊಂಡು ಇಷ್ಟೂ ಕೊಡಲಾರೆನಲ್ಲ...

ಮಗು ರಚ್ಚೆ ಹಿಡಿಯಿತು. ಬಲಗಡೆ ಹಿಡಿದಳು, ನಿಲ್ಲಲಿಲ್ಲ.

"ಈ ಕಡೆ ಮಲಗಿಸು" ಎಂದ ಅವನು.

"ಈ ಕಡೆ ಏನಿದೆ ರೀ? ಬರೀ ಗಾಯದ ಗುರುತು."

"ಮಲಗಿಸಿ ನೋಡು."

ಚಪ್ಪಟೆಯಾದ ಎಡ ಎದೆಗೆ ಮಗುವಿನ ಕಿವಿ ತಾಗಿತು. ಅಳು ತಗ್ಗಿತು. ಎರಡು ಸಲ ಬಿಕ್ಕಿ, ಮುಷ್ಟಿ ಸಡಿಲಿಸಿ, ಕಣ್ಣು ಮುಚ್ಚಿತು.

"ಏನು ಮಾಯ ಇದು!"

"ಇಷ್ಟು ದಿನ ಒಳಗಿಂದ ಕೇಳ್ತಿದ್ದ ಸದ್ದು" ಎಂದ ಅವನು. "ಇಲ್ಲಿ ನಿನ್ನ ಎದೆ ಬಡಿತಕ್ಕೂ ಅವಳಿಗೂ ನಡುವೆ ಏನೂ ಅಡ್ಡ ಇಲ್ಲ."

ಅವಳು ಮಗುವಿನ ಬೆನ್ನು ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಮಗುವನ್ನು ಕೊಂಚ ಸರಿಸಿ, ಅವನ ತೋಳು ಹಿಡಿದು ಎಳೆದಳು.

"ಬನ್ನಿ... ನೀವೂ ಕೇಳಿ. ಜಾಗ ಇದೆ."