ಹಸಿರು ದಾರದ ಗಂಟು

ಕತ್ತರಿಯ ತುದಿ ನನ್ನ ಗಂಟಲಿಗೆ ತಾಗಿತ್ತು!

ಅದು ಮನೆಯಲ್ಲಿ ಇಡುವ ಕತ್ತರಿ ಅಲ್ಲ. ಬಟ್ಟೆಯ ಥಾನು ಕತ್ತರಿಸುವ, ಮೊಳದುದ್ದದ ಕತ್ತರಿ. ಹಿಡಿದವನ ಹೆಸರು ಈರಣ್ಣ. ನಾನು ತಾಲೀಮಿನಲ್ಲಿ ಕುಸ್ತಿ ಆಡಿ ಬೆಳೆದವನು. ಆದರೂ ಅವನ ತೋಳು ನೋಡಿ ಅಲುಗಾಡದೆ ನಿಂತೆ.

ಜಾಗ, ಬೆಳಗಾವಿಯ ರವಿವಾರ ಪೇಟೆಯ ಒಂದು ಬಟ್ಟೆ ಗೋಡೌನ್. ಮಟಮಟ ಮಧ್ಯಾಹ್ನ. ಹೊರಗೆ ಹಮಾಲರ ಕೂಗಾಟ, ಕೈಗಾಡಿಗಳ ಗದ್ದಲ. ನಾನು ಚೀರಿದರೂ ಯಾರಿಗೂ ಕೇಳುವಂತಿರಲಿಲ್ಲ.

ಎದುರಿಗೆ ಕುರ್ಚಿಯಲ್ಲಿ ಮಾಲೀಕ ಬಾಳಾಸಾಹೇಬ. ಎಲೆ ಅಡಿಕೆ ಜಗಿಯುತ್ತಿದ್ದ.

"ಖರೇ ಹೇಳು. ಯಾರ ಕಳಿಸ್ಯಾರ ನಿನ್ನ? ಪೇಪರಿನವರೋ, ಗೋವಾದ ಪಾರ್ಟಿಯವರೋ?"

"ನನ್ನ ಹೇಣ್ತಿ."

"ಯಾತಕ್ಕ?"

"ಈಜೂ ಡ್ರೆಸ್ ತರಾಕ!"

ಈರಣ್ಣ ಗೊಳ್ಳೆಂದು ನಕ್ಕ. ಬಾಳಾಸಾಹೇಬ ನಗಲಿಲ್ಲ. ಕತ್ತರಿ ಇನ್ನಷ್ಟು ಒತ್ತಿತು.

ನೀವೂ ನಗ್ತೀರಿ, ಗೊತ್ತು. ಆದರೆ ನಾನು ಹೇಳಿದ್ದು ಅಪ್ಪಟ ಸತ್ಯ!

ನನ್ನ ಹೆಸರು ಯಲ್ಲೇಶ. ಖಾಸಗಿ ವಿಚಾರಣೆ ನನ್ನ ಕಸುಬು. ಹುಡುಗ ಕುಡಿಯುತ್ತಾನಾ, ಅವನಿಗೆ ಮೊದಲೇ ಒಂದು ಮದುವೆ ಆಗಿದೆಯಾ... ಹೆಣ್ಣು ಕೊಡುವವರು ಕೇಳುತ್ತಾರೆ, ನಾನು ಹುಡುಕಿ ಹೇಳುತ್ತೇನೆ. ಇದು ಎರಡು ಸಾವಿರದ ಒಂದನೇ ಇಸವಿಯ ಮಾತು. ಹೆಂಡತಿ ಪ್ರಮಿಳಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆಯಾದಾಗಿನಿಂದ ಅವಳಿಗೆ ಗೋವಾದ ಆಸೆ ತೋರಿಸುತ್ತಲೇ ಬಂದಿದ್ದೆ. ಕೊನೆಗೂ ಆ ಬೇಸಿಗೆ ರಜೆಯಲ್ಲಿ ಹೊರಡುವುದೆಂದು ಗಟ್ಟಿಯಾಯಿತು.

ಅವಳು ಒಂದು ಕಂಡೀಷನ್ ಹಾಕಿದಳು.

"ಸೀರಿ ಉಟ್ಟು ದಂಡ್ಯಾಗ ನಿಂದ್ರಾಕ ನಾ ಒಲ್ಲೆ. ನನಗ ಈಜಾಕ ಬರ್ತೈತಿ. ಈಜೂ ಡ್ರೆಸ್ ತಂದುಕೊಡ್ರಿ. ಆದ್ರ ಅದನ್ನ ಮಾಡೂಮುಂದ ಯಾರ ಕೈನೂ ಸುಟ್ಟಿರಬಾರದು. ಯಾವ ಹೊಳಿನೂ ಹೊಲಸ ಆಗಿರಬಾರದು."

"ಏ, ನಾ ಅರಿಬಿ ತರಾಕ ಹೊಂಟೇನೋ, ಹೆಣ್ಣ ನೋಡಾಕ ಹೊಂಟೇನೋ?"

"ಊರ ಮಂದೀ ಗುಟ್ಟೆಲ್ಲಾ ಹುಡುಕ್ತೀರಿ. ಹೇಣ್ತಿ ಅರಿಬೀದ ಹುಡುಕಾಕ ಏನ್ ಧಾಡಿ?"

ಅವಳ ಮಾತಿಗೆ ಕಾರಣ ಇತ್ತು. ಶಾಲೆಯ ಮಕ್ಕಳನ್ನು ಕರೆದುಕೊಂಡು ಖಾನಾಪುರದ ಹೊಳೆ ದಂಡೆಗೆ ಹೋಗಿದ್ದಾಗ, ಮಲಪ್ರಭೆಗೆ ಸೇರುವ ಒಂದು ಹಳ್ಳದ ನೀರು ನೀಲಿಯಾಗಿದ್ದದ್ದನ್ನು ಕಂಡಿದ್ದಳು. ಇನ್ನೊಮ್ಮೆ ಹೋದಾಗ ಕೆಂಪು! ಅಂದಿನಿಂದ ಅವಳಿಗೆ ಬಣ್ಣದ ಬಟ್ಟೆ ಕಂಡರೆ ಅನುಮಾನ.

"ಹೊಳಿ ಕೆಡಿಸಿದ ಅರಿಬಿ ಹಾಕ್ಕೊಂಡು ಸಮುದ್ರಕ್ಕ ಹ್ಯಾಂಗ ಇಳೀಲಿ ಹೇಳ್ರಿ?"

ರವಿವಾರ ಪೇಟೆಗೆ ಹೋದೆ. ನನ್ನ ಖರೀದಿ ಮೊದಲು ಮುಗಿಸಿದೆ. ಫುಟ್‌ಪಾತಿನಲ್ಲಿ ರಿಜೆಕ್ಟ್ ಮಾಲಿನ ರಾಶಿ ಬಿದ್ದಿತ್ತು. ಈಜಲಿಕ್ಕೆ ಒಂದು ನೀಲಿ ಚಡ್ಡಿ ಎಳೆದೆ, ಸೊಂಟಕ್ಕೆ ಹಿಡಿದು ನೋಡಿದೆ, ಗಾಡಿಗೆ ನೇತುಹಾಕಿದ್ದ ಚೀಲಕ್ಕೆ ಹಾಕಿದೆ. ಅಷ್ಟೇ.

ಆಮೇಲೆ ಆ ರಾಶಿಯ ಹಿಂದೆಯೇ ಇದ್ದ ಬಾಳಾಸಾಹೇಬನ ಅಂಗಡಿ. ಗೋವಾದ ಬೀಚ್ ಅಂಗಡಿಗಳಿಗೆ ಅವನದೇ ಮಾಲು. ಪ್ರತಿ ಪೀಸಿಗೂ ಒಂದು ಚೀಟಿ. 'ಗಿಡಮೂಲಿಕೆಯ ಬಣ್ಣ, ಖಾನಾಪುರದ ಮಹಿಳೆಯರ ಸ್ವಂತ ಉದ್ಯೋಗ' ಅಂತ ಬರೆದಿತ್ತು. ಫಾರಿನ್ ಮಂದಿ ಆ ಚೀಟಿ ಓದಿಯೇ ಕೊಳ್ಳುತ್ತಾರಂತೆ.

ನನಗೋ ಚಟ. ಎಂಥಾ ಒಳ್ಳೆ ಹುಡುಗನನ್ನಾದರೂ ತಿರುವಿ ಹಾಕಿ ನೋಡುವವನು ನಾನು. ಒಂದು ನೀಲಿ ಈಜುಡುಗೆ ಕೈಗೆತ್ತಿಕೊಂಡು ಅದನ್ನೂ ಒಳಹೊರಗು ಮಾಡಿ ನೋಡಿದೆ. ಹೊಲಿಗೆಯ ಸಂದಿಯಲ್ಲಿ ಹಸಿರು ದಾರದ ಒಂದು ಸಣ್ಣ ಗಂಟು!

ಅದರ ಅರ್ಥ ನನಗೆ ಗೊತ್ತಿತ್ತು. ಪೀಸಿನ ಲೆಕ್ಕದಲ್ಲಿ ಹೊಲಿಯುವ ಹೆಣ್ಣುಮಕ್ಕಳು ಒಬ್ಬೊಬ್ಬರೂ ತಮ್ಮದೇ ಬಣ್ಣದ ದಾರದಿಂದ ಒಳಗೆ ಗಂಟು ಹಾಕುತ್ತಾರೆ. ವಾರದ ಕೊನೆಗೆ ಯಾವುದು ಯಾರದೆಂದು ಜಗಳ ಆಗಬಾರದಲ್ಲ, ಅದಕ್ಕೆ. ನಮ್ಮವ್ವನೂ ಹೀಗೆಯೇ ಹೊಲಿದು ನನ್ನನ್ನು ಸಾಕಿದವಳು.

"ಇದನ್ನ ಹೊಲಿಯೂ ಶೆಡ್ ನೋಡಬೇಕಲ್ರೀ," ಅಂದೆ. "ಬಣ್ಣ ಹ್ಯಾಂಗ ಹಾಕ್ತಾರ ಅಂತ..."

ಮುಂದಿನ ಮಾತು ಬಾಯಲ್ಲೇ ಉಳಿಯಿತು. ಈರಣ್ಣ ನನ್ನ ಕಾಲರ್ ಹಿಡಿದು ಗೋಡೌನಿಗೆ ಎಳೆದ. ಪೀಸು ನನ್ನ ಕೈಯಲ್ಲೇ ಇತ್ತು.

ಈಗ ಕತ್ತರಿ ಗಂಟಲ ಮೇಲೆ.

ಹೆದರಿದೆ. ಸುಳ್ಳು ಯಾಕೆ ಹೇಳಲಿ? ಹೆದರಿದವನ ಬಾಯಿಗೆ ಬಂದದ್ದೇ ಮಾತು.

"ನನಗ ಏನರ ಆತಂದ್ರ ಎಲ್ಲಾ ಹೊರಗ ಬೀಳತೈತಿ ನೋಡ್ರಿ! ನಿಮ್ಮ ಹಸಿರು ದಾರದಾಕಿ ಎಲ್ಲಾ ಹೇಳ್ಯಾಳ ನನಗ! ಬಣ್ಣದ್ದೂ ಹೇಳ್ಯಾಳ, ಹಳ್ಳದ್ದೂ ಹೇಳ್ಯಾಳ!"

ಬರೀ ಬುರುಡೆ! ಆ ಹೆಣ್ಣುಮಗಳನ್ನು ನಾನು ಕನಸಿನಲ್ಲಿಯೂ ಕಂಡಿರಲಿಲ್ಲ.

ಬಾಳಾಸಾಹೇಬ ಜಗಿಯುವುದನ್ನು ನಿಲ್ಲಿಸಿದ.

"ಸಾತವ್ವ!" ಅಂದ. "ಈರ್ಯಾ, ಶೆಡ್ಡಿಗೆ ಹೋಗು. ಆಕಿ ಕೈ ಮತ್ತ ಸೂಜಿ ಹಿಡೀಬಾರದು."

ಈರಣ್ಣ ಬಾಗಿಲ ಕಡೆ ತಿರುಗಿದ. ಕತ್ತರಿ ಸರಿಯಿತು. ನಾನು ಅವನ ತೋಳು ಹೆಗಲ ಮೇಲೆ ಎಳೆದುಕೊಂಡು ಧೋಬಿ ಪಟ್ಟು ಹಾಕಿದೆ! ಅವನು ಥಾನುಗಳ ರಾಶಿಯ ಮೇಲೆ ದೊಪ್ಪೆಂದು ಬಿದ್ದ. ಪೀಸನ್ನು ಅಂಗಿಯೊಳಗೆ ತುರುಕಿಕೊಂಡು ಪೇಟೆಯ ಮಂದಿಯಲ್ಲಿ ನುಗ್ಗಿದೆ.

ತಿರುಗಿ ನೋಡಿದೆ. ಈರಣ್ಣ ನನ್ನ ಬೆನ್ನು ಹತ್ತಲಿಲ್ಲ! ಬುಲೆಟ್‌ಗೆ ಕಿಕ್ ಹೊಡೆದು ಖಾನಾಪುರದ ದಾರಿ ಹಿಡಿದ.

ಅವನು ನನ್ನ ಹಿಂದೆ ಬಂದಿದ್ದರೆ ಚೆನ್ನಾಗಿತ್ತು, ಖರೇ ಹೇಳುತ್ತೇನೆ. ನನ್ನ ಗಂಟಲು ಉಳಿಸಿಕೊಳ್ಳಲು ಯಾರದೋ ಕೈ ಕೊಟ್ಟು ಬಂದಿದ್ದೆ.

ನನ್ನ ಹತ್ತಿರ ಇದ್ದದ್ದು ಲೂನಾ ಮೊಪೆಡ್. ನಗಬೇಡಿ... ಅವತ್ತು ಆ ಲೂನಾ ಕುದುರೆಯಾಯಿತು! ಕಿವಿ ಹಿಂಡಿ ಓಡಿಸಿದೆ. ಟ್ರ್ಯಾಕ್ಸ್ ಜೀಪುಗಳು ಹಾರ್ನ್ ಹೊಡೆದು ಬೈದವು. ನಾನು ಬಾಯಲ್ಲಿ ಸಾತವ್ವ, ಸಾತವ್ವ ಎಂದು ಜಪಿಸುತ್ತಿದ್ದೆ. ಮುಖ ಗೊತ್ತಿಲ್ಲದ ಹೆಂಗಸಿಗೆ ಮನಸ್ಸಿನಲ್ಲಿ ಎಷ್ಟು ಸಲ ಕೈ ಮುಗಿದೆನೋ ಗೊತ್ತಿಲ್ಲ.

ರೈಲ್ವೆ ಗೇಟ್ ನನ್ನನ್ನು ಉಳಿಸಿತು. ಗೂಡ್ಸ್ ಗಾಡಿ ಬರುವುದಿತ್ತು, ಗೇಟ್ ಹಾಕಿತ್ತು. ಲಾರಿಗಳ ಸಾಲಿನಲ್ಲಿ ಬುಲೆಟ್ ಸಿಕ್ಕಿಕೊಂಡಿತ್ತು. ನಾನು ಇಳಿದೆ, ಲೂನಾವನ್ನು ಓರೆ ಮಾಡಿದೆ, ಗೇಟಿನ ಕೆಳಗಿನಿಂದ ತೂರಿಸಿದೆ!

"ಲೇ ಮಗನ!" ಈರಣ್ಣ ಕೂಗಿದ.

"ಬಾರಲೇ ಹಿಂದ!" ಎಂದು ನಾನೂ ಕೂಗಿದೆ. ಅವನ ಬುಲೆಟ್ ಗೇಟಿನ ಕೆಳಗೆ ಹಿಡಿಯುವಂತಿರಲಿಲ್ಲ.

ಖಾನಾಪುರ ದಾಟಿ ಹೊಳೆ ದಂಡೆಗೆ ಬಂದೆ. ಶೆಡ್ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಹಳ್ಳದ ನೀರು ಅವತ್ತು ನೀಲಿ. ಆ ಬಣ್ಣ ಬಂದ ಕಡೆಗೇ ನಡೆದೆ.

ತಗಡಿನ ಶೆಡ್. ಮೂಗು ಉರಿಯುವ ವಾಸನೆ. ಒಂದು ಬಾಜು ಹೊಲಿಗೆ ಮಷಿನ್ನು, ಇನ್ನೊಂದು ಬಾಜು ಬಣ್ಣದ ಡ್ರಮ್ಮು. ಬಾಗಿಲ ಬಳಿ ಮಾತ್ರ ಚೆಂದದ ಒಂದು ಅರಿಷಿಣ ಪುಡಿಯ ಚೀಲ ಬಾಯಿ ತೆರೆದು ಕೂತಿತ್ತು. ಫಾರಿನ್ ಮಂದಿ ಬಂದಾಗ ತೋರಿಸಲಿಕ್ಕೆ!

"ಸಾತವ್ವ ಯಾರವಾ?"

ಮಷಿನ್ನುಗಳು ನಿಂತವು. ಹಸಿರು ಬಳೆಯ ಒಬ್ಬ ಹೆಣ್ಣುಮಗಳು ಎದ್ದಳು. ಉಗುರೆಲ್ಲ ನೀಲಿ. ಅಂಗೈ ಚರ್ಮ ಸುಲಿದು ಕೆಂಪಾಗಿತ್ತು.

"ನಾನರೀ. ಯಾಕ?"

"ತಂಗೆವ್ವಾ, ಇಲ್ಲಿಂದ ನಡಿ! ಈರಣ್ಣ ಬರಾಕತ್ತಾನ. ನೀ ನನಗ ಎಲ್ಲಾ ಹೇಳೀದಿ ಅಂತ ತಿಳಿಕೊಂಡಾರ."

"ನಾ ಏನ್ ಹೇಳೀನ್ರೀ ನಿಮಗ? ನೀವ್ಯಾರು?"

"ನೀ ಏನೂ ಹೇಳಿಲ್ಲ. ಕತ್ತರಿ ಹಿಡಿದ್ರು... ನಾ ನಿನ್ನ ಮ್ಯಾಲ ಹಾಕಿದೆ."

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಪಕ್ಕದ ಮಷಿನ್ನಿನ ಕೆಂಪು ದಾರದ ಕಾಂತಾ ಮಾತ್ರ ಬಾಯಿ ಬಿಟ್ಟಳು.

"ಗಂಡಸಾಗಿ ಹಿಂಗ ಮಾಡೂದ?"

ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಬುಲೆಟ್ಟಿನ ಸದ್ದು!

ಈರಣ್ಣ ಬಾಗಿಲಿಗೆ ಅಡ್ಡ ನಿಂತ. ಕೈಯಲ್ಲಿ ಅದೇ ಕತ್ತರಿ.

"ಸಾತವ್ವಾ, ಮುಂದ ಬಾ. ಕೈ ಚಾಚು."

ನಾನು ನಡುವೆ ಹೋದೆ. ಈ ಸಲ ಅವನು ಪಟ್ಟಿಗೆ ಸಿಗಲಿಲ್ಲ. ಎದೆಗೆ ಒಂದು ಗುದ್ದಿದ, ನಾನು ಡ್ರಮ್ಮಿಗೆ ಬಡಿದು ಕೂತೆ. ಉಸಿರು ಹತ್ತಲಿಲ್ಲ.

"ಈ ಮಗಗ ಏನೇನ್ ಹೇಳೀದಿ? ಯಾರಿವ ನಿನಗ?"

ಸಾತವ್ವ ಸೆರಗು ಸರಿ ಮಾಡಿಕೊಂಡಳು.

"ನಮ್ಮ ಅಣ್ಣ. ತವರಮನಿಯಿಂದ ಉಡಿ ತುಂಬಾಕ ಬಂದಾನ."

ಮಷಿನ್ನಿನ ಹೆಣ್ಣುಮಕ್ಕಳೆಲ್ಲ ಎದ್ದು ನಿಂತರು.

"ಹೌದನೋ?" ಈರಣ್ಣ ನನ್ನ ಕಡೆ ತಿರುಗಿದ. "ಉಡಿ ತುಂಬಾಕ ಬಂದಿದ್ರ ಖಣ ಎಲ್ಲೈತಿ?"

ತವರಿನವನು ಬರಿಗೈಯಲ್ಲಿ ಬರುವುದಿಲ್ಲ. ಕುಪ್ಪಸದ ಖಣ ಇಲ್ಲದೆ ಉಡಿ ಇಲ್ಲ, ಮಡಿಲು ತುಂಬುವ ಶಾಸ್ತ್ರ ಇಲ್ಲ. ಇದು ಈರಣ್ಣನಿಗೂ ಗೊತ್ತು, ನನಗೂ ಗೊತ್ತು. ನನ್ನ ಹತ್ತಿರ ಇದ್ದ ಅರಿವೆ ಒಂದೇ...

ಅಂಗಿಯೊಳಗೆ ಕೈ ಹಾಕಿದೆ. ಈಜುಡುಗೆ ತೆಗೆದೆ!

ಒಬ್ಬಳು ಕಿಸಕ್ಕೆಂದು ನಕ್ಕು ಸೆರಗು ಬಾಯಿಗೆ ತುರುಕಿಕೊಂಡಳು. ಕಾಂತಾ ನಗಲಿಲ್ಲ. ಸಂತೆಯ ಚೀಲದಿಂದ ಅಕ್ಕಿ ತೆಗೆದಳು, ಒಂದು ತೆಂಗಿನಕಾಯಿ ತೆಗೆದಳು. ಬಾಗಿಲ ಬಳಿಯ ಆ ತೋರಿಕೆಯ ಚೀಲದಿಂದ ಚಿಟಿಕೆ ಅರಿಷಿಣ ತಂದು ಸಾತವ್ವನ ಕೆನ್ನೆಗೆ ಹಚ್ಚಿದಳು. ಆ ಚೀಲ ಕೆಲಸಕ್ಕೆ ಬಂದದ್ದು ಅದೇ ಮೊದಲು. ಸಾತವ್ವ ಸೆರಗು ಒಡ್ಡಿ ಕೂತಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಮೇಲೆ ನನ್ನ ಕೈಯಿಂದ ಆ ನೀಲಿ ಪೀಸು. ಕಾಂತಾ ಸೆರಗಿನ ಗಂಟು ಬಿಗಿದು ಈರಣ್ಣನ ಮುಖ ನೋಡಿದಳು.

"ಈಗ ಹೊಡಿ ನೋಡೂಣು! ಉಡಿ ತುಂಬಿದ ಹೆಣ್ಣಮಗಳು. ನಿಮ್ಮವ್ವ ಗೌರವ್ವ ಕೇಳಿದ್ರ ಏನ್ ಹೇಳ್ತಿ? ತುಂಬಿದ ಉಡಿ ಚೆಲ್ಲಿ ಬಂದೆ ಅಂತೀಯೇನು?"

ಈರಣ್ಣನ ಕೈ ಮೇಲೆಯೇ ಇತ್ತು. ಅವನಿಗೆ ಸುಳ್ಳು ಗೊತ್ತಾಗಿತ್ತು, ಅವನೇನು ದಡ್ಡನಲ್ಲ. ಆದರೆ ಅಕ್ಕಿ ಸುಳ್ಳಲ್ಲ, ಅರಿಷಿಣ ಸುಳ್ಳಲ್ಲ. ಕತ್ತರಿ ಮೆಲ್ಲಗೆ ಕೆಳಗಿಳಿಯಿತು.

"ಕರಕೊಂಡು ಹೋಗಪಾ ನಿನ್ನ ತಂಗೀನ," ಅಂದ. "ನಾ ಬರೂದ್ರಾಗ ಆಕಿ ಹೋಗಿದ್ಲು ಅಂತ ಹೇಳ್ತೇನಿ. ಆದ್ರ ಸಾಹುಕಾರ ಈ ಶೆಡ್ ಇಡೂದಿಲ್ಲ."

ಸಾತವ್ವನನ್ನು ಲೂನಾದ ಹಿಂದೆ ಕೂರಿಸಿಕೊಂಡು ನಮ್ಮ ಮನೆಗೆ ಹೊರಟೆ. ಅವಳ ಗಂಡ ಕುರಿ ಹಿಂಡಿನ ಜೊತೆ ಊರು ಬಿಟ್ಟಿದ್ದ. ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಯಾಕವಾ ನನ್ನ ಉಳಿಸಿದಿ?" ಅಂತ ಕೇಳಿದೆ.

"ನಿನ್ನ ಉಳಿಸಲಿಲ್ಲಪಾ, ನನ್ನ ಕೈ ಉಳಿಸ್ಕೊಂಡೆ." ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಆದ್ರ ಉಡಿ ತುಂಬಿದ ಮ್ಯಾಲ ಸುಳ್ಳು ಖರೇ ಆತು. ಇನ್ನ ನೀ ಅಣ್ಣನ."

ನನ್ನ ಕಣ್ಣು ಮಂಜಾದವು. ದಾರಿಯ ಧೂಳು ಎಂದು ಹೇಳಿ ಒರೆಸಿಕೊಂಡೆ.

ಶೆಡ್ಡಿನಿಂದ ಹೊರಡುವಾಗ ಹಳ್ಳದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡಿದ್ದೆ; ಮರುದಿನವೇ ಅದನ್ನು ಬಾಳಾಸಾಹೇಬನ ಮೇಜಿನ ಮೇಲೆ ಕುಕ್ಕಿದೆ.

"ಈ ನೀರು ಗೋವಾದ ಅಂಗಡಿಯವರಿಗೆ ತೋರಸ್ಲೇನು? ಹೆಣ್ಣಮಕ್ಕಳಿಗೆ ಕೈಗವಸು ಕೊಡು, ಖರೇ ಬಣ್ಣ ತರಿಸು. ಹಂಗ ಮಾಡಿದ್ರ ಈ ಬಾಟ್ಲಿ ಇಲ್ಲೇ ಒಡೀತೇನಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾ ಹಳ್ಳ? ಯಾ ಶೆಡ್? ಹೋಗಿ ನೋಡಿ ಬಾ."

ಹೋಗಿ ನೋಡಿದೆ. ತಗಡಿನ ಬಾಗಿಲಿಗೆ ಬೀಗ. ಡ್ರಮ್ಮು ಇಲ್ಲ, ಮಷಿನ್ನು ಇಲ್ಲ. ಹಳ್ಳದ ನೀರು ತಿಳಿಯಾಗಿ ಹರಿಯುತ್ತಿತ್ತು. ದಂಡೆಯ ಮೇಲೆ ಆ ಹೆಣ್ಣುಮಕ್ಕಳು ಕೂತಿದ್ದರು, ಎದುರಿಗೆ ಊಟದ ಡಬ್ಬಿಗಳು. ಕೆಲಸ ಇದೆ ಎಂದುಕೊಂಡೇ ಬುತ್ತಿ ಕಟ್ಟಿಕೊಂಡು ಬಂದಿದ್ದರು.

ಕಾಂತಾ ನನ್ನನ್ನು ನೋಡಿದಳು. "ನೀರು ಚೊಕ್ಕ ಆತಲ್ಲ ಅಣ್ಣಾ," ಅಂದಳು. ತನ್ನ ಡಬ್ಬಿಯ ಮುಚ್ಚಳ ತೆಗೆದಳು.

ಒಬ್ಬಳಿಗೆ ಉಡಿ ತುಂಬಿ ಅಣ್ಣನಾಗಿದ್ದೆ. ಉಳಿದವರಿಗೆ ನಾನು ಏನು? ಆ ಪ್ರಶ್ನೆ ಇಟ್ಟುಕೊಂಡು ಹಿಂದಿರುಗಿದೆ. ಮನೆಯಲ್ಲಿ ಪ್ರಮಿಳಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸಾತವ್ವನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಅರಿಬಿ ಬೇಡಿದಾಕಿ ನಾನು," ಅಂದಳು. "ನಿಮಗ ಏನಂತ ಬೈಯಲಿ?"

ಬೈಸಿಕೊಳ್ಳುವ ಪುಣ್ಯವೂ ನನಗಿರಲಿಲ್ಲ.

ಕೈ ಮಾಯ್ದ ಮೇಲೆ ಸಾತವ್ವ ನಮ್ಮ ಪಡಸಾಲೆಯಲ್ಲೇ ಕೂತು ಪ್ರಮಿಳಾಳಿಗೆ ಈಜುಡುಗೆ ಹೊಲಿದಳು. ಬಣ್ಣ ಹಾಕದ ದಪ್ಪ ಹತ್ತಿ ಬಟ್ಟೆ, ಮೊಳಕಾಲಿನವರೆಗೆ. ಒಳಗೆ ಹಸಿರು ದಾರದ ಗಂಟು. ಹಾಕಿಕೊಂಡರೆ ಪ್ರಮಿಳಾ ಕುಸ್ತಿಗೆ ಹೊರಟವಳ ಹಾಗೆ ಕಾಣುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಪ್ರಮಿಳಾ ಹಟ ಮಾಡಿ ಅವಳನ್ನೂ ಗೋವಾಕ್ಕೆ ಕರೆದುಕೊಂಡು ಬಂದಳು.

ಸಾತವ್ವ ಸಮುದ್ರ ನೋಡಿದ್ದು ಅದೇ ಮೊದಲು. ಸೀರೆ ಎತ್ತಿ ಕಟ್ಟಿ ಕಾಲಷ್ಟೇ ತೋಯಿಸಿಕೊಂಡು ಸಣ್ಣ ಹುಡುಗಿಯ ಹಾಗೆ ಕೂಗಿದಳು. ಪ್ರಮಿಳಾ ತೆರೆ ದಾಟಿ ಈಜುತ್ತಿದ್ದಳು.

"ಬರ್ರೀ!" ಅಂತ ಕೈ ಬೀಸಿದಳು. "ಎಷ್ಟೊತ್ತು?"

ನಾನು ಬಟ್ಟೆ ಬದಲಿಸುವ ತಗಡಿನ ಮರೆಯಲ್ಲಿ ನಿಂತಿದ್ದೆ. ಚೀಲದಿಂದ ಫುಟ್‌ಪಾತಿನ ಆ ನೀಲಿ ಚಡ್ಡಿ ತೆಗೆದಿದ್ದೆ. ನನ್ನ ಚಟ ನಿಮಗೆ ಗೊತ್ತೇ ಇದೆ... ಒಳಹೊರಗು ಮಾಡಿ ನೋಡಿದೆ.

ಹೊಲಿಗೆಯ ಸಂದಿಯಲ್ಲಿ ಕೆಂಪು ದಾರದ ಗಂಟು!

ಕಾಂತಾಳದು.

ಚಡ್ಡಿ ಮಡಚಿ ಮತ್ತೆ ಚೀಲಕ್ಕೆ ಹಾಕಿದೆ. ಪ್ಯಾಂಟಿನಲ್ಲೇ ದಂಡೆಗೆ ಬಂದು ಕೂತೆ. ರಜೆ ಮುಗಿಯುವವರೆಗೂ ನಾನು ಸಮುದ್ರಕ್ಕೆ ಇಳಿಯಲಿಲ್ಲ... ಇಬ್ಬರ ಚಪ್ಪಲಿ ಕಾಯ್ದೆ!