ಯಾರ ಕೈರುಚಿ

ಬೆಳಿಗ್ಗೆ ಹತ್ತಕ್ಕೆ ಥಾಯ್ ನೂಡಲ್ಸ್ ಅಂಗಡಿಯ ಅಡುಗೆಮನೆ ಧಗ್ಗೆಂದು ಹೊತ್ತಿಕೊಂಡಿತು. ಬೆಂಕಿ ಆರಿಸುವಷ್ಟರಲ್ಲಿ ಒಳಗಿದ್ದ ಅಡುಗೆಯವಳ ಮೈ ಮುಕ್ಕಾಲು ಸುಟ್ಟಿತ್ತು. ಗಿರಾಕಿಗಳಿಗೆಲ್ಲ ಅವಳು ಅಕ್ಕ. ಹನ್ನೆರಡು ವರ್ಷದಿಂದ ಅದೇ ಬಾಣಲೆಯ ಮುಂದೆ ನಿಂತವಳು.

"ಸಂಜೆ ದಾಟೋದು ಕಷ್ಟ," ಎಂದರು ಡಾಕ್ಟರು. "ಪ್ರಜ್ಞೆ ಇದೆ. ಗ್ಯಾಸ್ ಆರಿಸೋದು ನಾನೇ ಮರೆತ್ನಾ ಅಂತ ಒಂದೇ ಸಮ ಕೇಳ್ತಿದ್ದಾಳೆ."

ಉತ್ತರ ಸಂಜೆಯೊಳಗೆ ಬೇಕಿತ್ತು. ಇನ್‌ಸ್ಪೆಕ್ಟರಮ್ಮ ಆ ಅಂಗಡಿಯ ಖಾಯಂ ಗಿರಾಕಿ. ವಾರಕ್ಕೆರಡು ಸಲ ಕಿಟಕಿ ಪಕ್ಕದ ಮೇಜು, ಒಂದು ತಟ್ಟೆ ನೂಡಲ್ಸ್. ಗಂಡನ ಅಡುಗೆಯನ್ನೂ ಅವರು ಅಷ್ಟು ಹೊಗಳಿದವರಲ್ಲ.

*

"ಪೈಪ್ ಸರಿಯಾಗಿದೆ," ಎಂದ ಅಗ್ನಿಶಾಮಕದವನು. "ಮೂಲೆ ಒಲೆಯ ನಾಬ್ ಪೂರ್ತಿ ತೆರೆದಿತ್ತು."

"ನಿನ್ನೆಯಿಂದಲಾ?"

"ಹಾಗಿದ್ರೆ ಸಿಲಿಂಡರ್ ಖಾಲಿಯಾಗಿರ್ತಿತ್ತು. ಹೊರಗಿಟ್ಟಿರೋದು ಇನ್ನೂ ಭಾರ ಇದೆ. ಯಾರೋ ಬೆಳಿಗ್ಗೆ ತೆರೆದಿದ್ದಾರೆ."

ಹಿಂದಿನ ದಿನ ಒಲೆ ರಿಪೇರಿಯವನು ಬಂದಿದ್ದ. ಅಕ್ಕನ ಹತ್ತಿರ ಬೈಸಿಕೊಂಡೂ ಹೋಗಿದ್ದ. ಅವನನ್ನು ಹಿಡಿದು ತಂದರು.

"ನನ್ನ ತಲೆಗೆ ಕಟ್ಟಬೇಡಿ ಮೇಡಂ. ಎಂಟರಿಂದ ಹತ್ತೂವರೆವರೆಗೆ ಶಾಲೆ ಅಡುಗೆಮನೆಯಲ್ಲಿದ್ದೆ. ಮೇಷ್ಟ್ರನ್ನ ಕೇಳಿ."

ಕೇಳಿದರು. ನಿಜವಾಗಿತ್ತು.

ಪಕ್ಕದಂಗಡಿಯ ಟೈಲರ್ ಕಣ್ಣೊರೆಸಿಕೊಂಡ. "ಒಂಬತ್ತೂವರೆಗೇ ವಾಸನೆ ಗೋಡೆ ದಾಟಿ ಬಂತು. ಅಕ್ಕ ಬಂದು ನೋಡ್ಕೋತಾಳೆ ಅಂದ್ಕೊಂಡು ಸುಮ್ಮನಾದೆ."

ಇನ್‌ಸ್ಪೆಕ್ಟರಮ್ಮ ಅಲ್ಲೇ ನಿಂತರು. ಗೋಡೆಯಾಚೆಯವನಿಗೆ ಬಂದ ವಾಸನೆ ಒಳಗೆ ಲೈಟರ್ ಹಿಡಿದವಳಿಗೆ ಬರಲಿಲ್ಲವೆ? ಆಗ ಹೋದ ತಿಂಗಳ ಒಂದು ವಾರ ನೆನಪಾಯಿತು. ಅಂಗಡಿಯಲ್ಲಿ ಬಡಿಸುವ, ಅಕ್ಕನ ಒಡಹುಟ್ಟಿದ ತಮ್ಮ ಜ್ವರ ಬಂದು ಮಲಗಿದ್ದ. ಆ ವಾರ ನೂಡಲ್ಸ್ ಬಾಯಿಗಿಡುವ ಹಾಗಿರಲಿಲ್ಲ. ಮೀನಿನ ಸಾಸ್ ಸುರಿದುಬಿಟ್ಟ ಹಾಗಿತ್ತು, ಕಡಲೆಕಾಯಿ ಕರಕಲಾಗಿತ್ತು. ತಮ್ಮ ಬಂದ, ರುಚಿಯೂ ಬಂತು.

*

ತಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ.

"ಬೆಳಿಗ್ಗೆ ಎಲ್ಲಿದ್ದೆ?"

"ಲಿಂಬೆಹಣ್ಣು ತರೋಕೆ ಹೋಗಿದ್ದೆ."

"ಮುಂದಿನ ಹಾಲಿನ ಫ್ರಿಜ್ಜಲ್ಲಿ ಒಂದು ಬುಟ್ಟಿ ಲಿಂಬೆ ಇದೆಯಲ್ಲ?"

ಏಳಹೋದವನನ್ನು ಅವರು ಭುಜ ಹಿಡಿದು ಕೂರಿಸಿದರು.

"ಅಕ್ಕನಿಗೆ ವಾಸನೆ ಗೊತ್ತಾಗದೆ ಎಷ್ಟು ದಿನ ಆಯ್ತು?"

"ಎರಡು ವರ್ಷ. ರುಚಿಯೂ ಹೋಗಿತ್ತು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು."

"ಅಡುಗೆಯವರನ್ನ ಗ್ಯಾಸ್ ಬಿಟ್ಟು ಕೊಲ್ಲೋಕೆ ಯಾರೂ ಹೋಗಲ್ಲ. ವಾಸನೆ ಬಂದ್ರೆ ಬಾಗಿಲಿಂದಲೇ ಓಡ್ತಾರೆ. ಇವಳು ಓಡಲ್ಲ ಅಂತ ಗೊತ್ತಿದ್ದವನು ನೀನೊಬ್ಬನೇ. ಬೀಗದ ಕೈ ಇರೋದೂ ಅವಳನ್ನ ಬಿಟ್ರೆ ನಿನ್ನ ಹತ್ರ."

"ಪ್ರತಿ ತಟ್ಟೆ ರುಚಿ ನೋಡಿದವನು ನಾನು! ಹುಣಸೆ ಸಾಲದು, ಸಾಸ್ ಸಾಕು, ಎಲ್ಲಾ ನಾನು ಹೇಳಬೇಕು. ನಾಲಿಗೆ ನಂದು, ಹೆಸರು ಅವಳದು. ಒಂದು ದಿನ ಬಾಣಲೆ ಕೊಡೇ ಅಂದೆ. ನಿನ್ನ ಕೈಗೆ ರುಚಿ ಎಲ್ಲಿದೆಯೋ ಅಂತ ಎಲ್ಲರ ಮುಂದೆ ನಕ್ಕಳು. ಅದಕ್ಕೇ ಬೆಳಿಗ್ಗೆ ನಾಬ್ ತಿರುಗಿಸಿ ಬಂದೆ."

ಆ ದಿನ ಕಿಟಕಿ ಪಕ್ಕದ ಮೇಜಿನಲ್ಲಿ ಇನ್‌ಸ್ಪೆಕ್ಟರಮ್ಮನೂ ನಕ್ಕಿದ್ದರು. ಈಗ ಅದನ್ನು ನೆನೆದು ನಾಚಿಕೆಯಾಯಿತು.

*

ಅಕ್ಕನ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಡಾಕ್ಟರು ಹೇಳಿಕೆ ಬರೆದುಕೊಳ್ಳಲು ಹಾಳೆ ಹಿಡಿದು ನಿಂತಿದ್ದರು.

"ನಾನೇ ಮರೆತ್ನಾ ಮೇಡಂ?"

ತಪ್ಪು ತನ್ನದೇ ಎಂದುಕೊಂಡು ಅವಳು ಸಾಯುವುದನ್ನು ನೋಡಲು ಇನ್‌ಸ್ಪೆಕ್ಟರಮ್ಮನಿಗೆ ಆಗಲಿಲ್ಲ.

"ಇಲ್ಲ ಅಕ್ಕ. ನೀವು ಮರೆತಿಲ್ಲ."

ಅಕ್ಕನ ಕಣ್ಣು ಬಾಗಿಲ ಕಡೆ ತಿರುಗಿತು. ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಲೆಕ್ಕ ಕಷ್ಟದ್ದೇನಲ್ಲ.

"ಡಾಕ್ಟ್ರೇ, ಬರ್ಕೊಳ್ಳಿ. ನಾನೇ ಮರೆತೆ."

"ಅಕ್ಕ, ಬೇಡ! ಅವನೇ ಒಪ್ಕೊಂಡಿದಾನೆ."

"ಎಂಥ ನಾಲಿಗೆಯೋ ನಿಂದು ಅಂತ ಅವನಿಗೆ ಒಂದು ದಿನಾನೂ ಹೇಳಲಿಲ್ಲ ಮೇಡಂ. ನಾನೇ ಮರೆತೆ. ಬರ್ಕೊಳ್ಳಿ."

ಡಾಕ್ಟರು ಬರೆದುಕೊಂಡರು. ಐದೂವರೆಗೆ ಉಸಿರು ನಿಂತಿತು.

ಬೆಂಚಿನ ಮೇಲೆ ಹೇಳಿದ್ದನ್ನು ತಮ್ಮ ನಾಳೆ ಇಲ್ಲ ಎಂದರೆ ಮುಗಿಯಿತು. ಅವನ ವಕೀಲನಿಗೆ ಆ ಒಂದು ಹಾಳೆ ಸಾಕು. ಇದು ಗೊತ್ತಿದ್ದೂ ಇನ್‌ಸ್ಪೆಕ್ಟರಮ್ಮ ಅವನ ತೋಳು ಹಿಡಿದು ಮೆಟ್ಟಿಲಿಳಿದರು.

"ಅಕ್ಕ ಏನಂದ್ಲು?"

"ತಾನೇ ಮರೆತೆ ಅಂದಳು."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಏಳು ಎಂದರೂ ಏಳಲಿಲ್ಲ.